ಸಣ್ಣ ಆಪರೇಶನ್

ನಮ್ಮ ಕಡೆಯ ಮಾತಿನಲ್ಲಿ ‘ಸಣ್ಣ’ ಎಂಬುದರಷ್ಟು ಮೋಸದ ಶಬ್ದ ಇನ್ನೊಂದಿಲ್ಲ. ಸಣ್ಣ ಸಾಲ, ಸಣ್ಣ ಜಗಳ, ಸಣ್ಣ ಜಡ್ಡು ಅನ್ನುತ್ತೇವೆ. ಹೊಲ ಹೋದಮೇಲೆ, ಮನೆ ಎರಡಾದಮೇಲೆ, ಮನುಷ್ಯ ಹಾಸಿಗೆ ಹಿಡಿದಮೇಲೆ ಅದು ಸಣ್ಣದಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಈ ಸಾಲಿಗೆ ಈಚಿನ ವರ್ಷಗಳಲ್ಲಿ ಸೇರಿಕೊಂಡದ್ದು ‘ಸಣ್ಣ ಆಪರೇಶನ್’. ಬೈಲಹೊಂಗಲದ ಪೇಟೆಯಲ್ಲಿ, ಸವದತ್ತಿಯ ಬಸ್ ನಿಲ್ದಾಣದ ಸುತ್ತ, ಕಿತ್ತೂರಿನ ಹೆದ್ದಾರಿಯ ಮಗ್ಗುಲಲ್ಲಿ, ರಾಮದುರ್ಗದ ಓಣಿಗಳಲ್ಲಿ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳುವವನಿಗೆ ಅದು ವ್ಯಾಪಾರದ ಮಾತು, ಕೇಳುವವನಿಗೆ ಧೈರ್ಯದ ಮಾತು. ಇಬ್ಬರೂ ಅದನ್ನು ಮುರಿದು ನೋಡುವುದಿಲ್ಲ.

ನಾನು ಡಾಕ್ಟರನಲ್ಲ, ವಕೀಲನೂ ಅಲ್ಲ. ಕನ್ನಡ ಕಲಿಸಿ ಹೊಟ್ಟೆ ಹೊರೆದವನು. ಬರೆದದ್ದನ್ನು ಓದುವುದು, ಬರೆಯದೆ ಬಿಟ್ಟದ್ದು ಯಾವುದು ಎಂದು ಕೇಳುವುದು, ಇಷ್ಟೇ ನನ್ನ ಕಸುಬು. ಹಾಗೆ ಓದಬಹುದಾದ ಮೂರು ಬರವಣಿಗೆಗಳು ಈ ವಿಷಯದಲ್ಲಿವೆ: ದವಾಖಾನೆಯ ಹೊರಗಿನ ಬೋರ್ಡು, ಒಳಗೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಮತ್ತು ಎರಡನ್ನೂ ಆಳಬೇಕಾದ ಸರಕಾರದ ಕಾಯ್ದೆ. ಕಾವ್ಯವನ್ನು ಓದುವಷ್ಟು ಎಚ್ಚರದಿಂದ ಇವುಗಳನ್ನು ಯಾರೂ ಓದುವುದಿಲ್ಲ. ಕಾವ್ಯ ಕೆಟ್ಟರೆ ಓದುಗನಿಗೆ ಬೇಸರವಾಗುತ್ತದೆ, ಅಷ್ಟೆ. ಇವು ಕೆಟ್ಟರೆ ಆಗುವುದು ಬೇರೆ.

ಮೊದಲು ಈ ಆಪರೇಶನ್‌ಗಳು ಯಾವುವು ಎಂಬುದನ್ನು ನೋಡಬೇಕು. ಸೌಂದರ್ಯದ ಶಸ್ತ್ರಚಿಕಿತ್ಸೆ ಎಂದ ಕೂಡಲೆ ಬೆಂಗಳೂರು, ಮುಂಬಯಿ, ಸಿನೆಮಾದವರು ಎಂದು ನಮ್ಮ ಜನ ನಗುತ್ತಾರೆ. ಆದರೆ ಹಳ್ಳಿಯ ಹೆಣ್ಣುಮಕ್ಕಳು ಬಹಳ ಕಾಲದಿಂದ ಮಾಡಿಸಿಕೊಳ್ಳುತ್ತ ಬಂದದ್ದೂ ಅದೇ. ತೂಕದ ಬೆಂಡೋಲೆ, ಝುಮಕಿ ಹಾಕಿ ಹಾಕಿ ಕಿವಿಯ ಹಾಲೆ ಜಗ್ಗಿ, ತೂತು ಸೀಳಾಗಿ, ಕೊನೆಗೊಂದು ದಿನ ಕೂಸು ಕೈಹಾಕಿ ಎಳೆದಾಗ ಹರಿದುಹೋಗುತ್ತದೆ. ಮಗಳ ಮದುವೆ ಹತ್ತಿರ ಬಂದಾಗ ಹರಿದ ಕಿವಿ ಹೊಲಿಸಿಕೊಳ್ಳಬೇಕೆಂಬ ಆಸೆ ಹುಟ್ಟುತ್ತದೆ. ಮುಖದ ಮೇಲಿನ ನರುಲಿ ತೆಗೆಸುವುದು, ಹುಟ್ಟುಮಚ್ಚೆ ಸುಡಿಸುವುದು, ಗಂಡು ಹುಡುಕುವಾಗ ಕೈಮೇಲಿನ ಹಚ್ಚೆ ಅಳಿಸುವುದು, ಗಂಡಸರ ಮೂಲವ್ಯಾಧಿ, ಬುಡ್ಡ, ಬೆನ್ನ ಮೇಲಿನ ಕೊಬ್ಬಿನ ಗಡ್ಡೆ, ಇವೆಲ್ಲ ಈ ಪಟ್ಟಿಯಲ್ಲಿವೆ. ಈಗ ಅದಕ್ಕೆ ಲೇಸರ್, ಮುಖ ಬೆಳ್ಳಗೆ ಮಾಡುವುದು, ಬೋಳುತಲೆಗೆ ಕೂದಲು ನೆಡುವುದು ಕೂಡಿಕೊಂಡಿವೆ.

ಈ ಆಸೆಯನ್ನು ಹೀಗಳೆಯಬಾರದು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಹೆಣ್ಣುಮಗಳು ತಲೆ ಬಾಚಿ, ಹೂ ಮುಡಿದು, ಇದ್ದೊಂದು ಚಲೋ ಸೀರೆ ಉಟ್ಟು ಹೋಗುವಂತೆಯೇ ಇದೂ. ಚೆಂದ ಕಾಣಬೇಕೆನ್ನುವುದು ಶ್ರೀಮಂತರ ಹಕ್ಕು, ಬಡವರಿಗೆ ಅದು ಸೊಕ್ಕು ಎನ್ನುವ ನೀತಿಯೊಂದು ನಮ್ಮಲ್ಲಿದೆ. ಆ ನೀತಿಯಿಂದ ಬಹಳ ಕೇಡಾಗಿದೆ. ಚೆಂದಕ್ಕಾಗಿ ಹೋಗಿ ಪೆಟ್ಟು ತಿಂದವಳು ನಾಚಿಕೆಗೆ ಬಾಯಿ ಬಿಡುವುದಿಲ್ಲ. ‘ಇಷ್ಟ ವಯಸ್ಸಿಗೆ ಇದೆಲ್ಲ ಯಾಕ ಬೇಕಾಗಿತ್ತ?’ ಎಂಬ ಒಂದೇ ಪ್ರಶ್ನೆ ಆಕೆಯ ದೂರನ್ನು ಅರ್ಧದಾರಿಯಲ್ಲೇ ನಿಲ್ಲಿಸುತ್ತದೆ.

ಈ ವಿದ್ಯೆ ನಮಗೆ ಹೊಸದೂ ಅಲ್ಲ. ಹರಿದ ಕಿವಿಯ ಹಾಲೆಯನ್ನು, ಕತ್ತರಿಸಿದ ಮೂಗನ್ನು ಕೂಡಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಅದಕ್ಕಿಂತ ಹತ್ತಿರದ ಕತೆ 1792ರ ಮೈಸೂರು ಯುದ್ಧದ್ದು. ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟೀಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಹಣೆಯ ಚರ್ಮವನ್ನೇ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. 1794ರ ಅಕ್ಟೋಬರದಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಅದನ್ನು ಚಿತ್ರಸಹಿತ ಅಚ್ಚು ಹಾಕಿತು. ಅದನ್ನು ಓದಿ ಅಭ್ಯಾಸ ಮಾಡಿದ ಕಾರ್ಪ್ಯೂ ಎಂಬ ಇಂಗ್ಲಿಷ್ ಡಾಕ್ಟರ 1814ರಲ್ಲಿ ಅದೇ ಕ್ರಮದಿಂದ ಲಂಡನ್ನಿನಲ್ಲಿ ಮೂಗು ಕೂಡಿಸಿದ.

ಈ ಕತೆಯನ್ನು ಹೇಳಿ ‘ನೋಡ್ರಿ, ಸರ್ಟಿಫಿಕೇಟಿಲ್ಲದವನೇ ಜಗತ್ತಿಗೆ ಪಾಠ ಹೇಳಿದ’ ಎನ್ನುವವರಿದ್ದಾರೆ. ನಕಲಿ ವೈದ್ಯರ ಪರವಾಗಿ ಇದನ್ನು ಬಳಸುವುದನ್ನೂ ಕೇಳಿದ್ದೇನೆ. ಆದರೆ ಆ ಇಟ್ಟಿಗೆಯವನ ಕೈಯಲ್ಲಿ ಮನೆತನದ ವಿದ್ಯೆ ಇತ್ತು, ಆ ಒಂದು ಕೆಲಸವನ್ನೇ ಅವನು ಮಾಡುತ್ತಿದ್ದ, ಮತ್ತು ಕೆಲಸ ಕೆಟ್ಟರೆ ಅದು ಎಲ್ಲರ ಕಣ್ಣಿಗೆ ಬೀಳುವಂತೆ ನಡುಮುಖದ ಮೇಲೆಯೇ ಇರುತ್ತಿತ್ತು. ಊರು ಅವನನ್ನು ಬಲ್ಲದು, ಅವನು ಊರನ್ನು ಬಿಟ್ಟು ಹೋಗುವಂತಿರಲಿಲ್ಲ. ಈಗಿನ ಕ್ಲಿನಿಕ್ಕು ಬಾಡಿಗೆ ಅಂಗಡಿಯಲ್ಲಿರುತ್ತದೆ. ಇವತ್ತು ಸವದತ್ತಿ, ನಾಳೆ ಯರಗಟ್ಟಿ, ನಾಡಿದ್ದು ಬೋರ್ಡಿನ ಹೆಸರೇ ಬೇರೆ. ಊರಿನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಕಾಯ್ದೆಯ ಕಣ್ಣು ಮಾಡಬೇಕಾಗಿದೆ.

ಇನ್ನು ಬೋರ್ಡು. ನಮ್ಮ ತಾಲೂಕುಗಳ ಬೋರ್ಡುಗಳಲ್ಲಿ ಹೆಸರಿಗಿಂತ ಹೆಸರಿನ ಮುಂದಿನ ಅಕ್ಷರಗಳೇ ಉದ್ದ. ‘ಆರ್.ಎಂ.ಪಿ.’ ಎಂಬ ಮೂರು ಅಕ್ಷರಗಳನ್ನು ತೆಗೆದುಕೊಳ್ಳಿ. ಕಾನೂನಿನ ಭಾಷೆಯಲ್ಲಿ ಅದು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತನಾದ ವೈದ್ಯ ಎಂದು. ಓಣಿಯ ಭಾಷೆಯಲ್ಲಿ ಅದು ಗ್ರಾಮೀಣ ವೈದ್ಯ, ಅಂದರೆ ಯಾವ ಪರಿಷತ್ತಿನ ಪುಸ್ತಕದಲ್ಲೂ ಇಲ್ಲದವನು. ಅಕ್ಷರ ಅವೇ, ಅರ್ಥ ತದ್ವಿರುದ್ಧ. ಇಂಥ ಶ್ಲೇಷೆಯನ್ನು ಯಾವ ಚಂಪೂ ಕವಿಯೂ ಮಾಡಿಲ್ಲ. ‘ಸಿ.ಎಂ.ಎಸ್. ಇ.ಡಿ.’ ಎಂಬುದು ಇನ್ನೊಂದು. ಅದು ಅಗತ್ಯ ಔಷಧಗಳ ಬಗೆಗಿನ ಒಂದು ತರಬೇತಿಯ ಹೆಸರು, ಶಸ್ತ್ರ ಹಿಡಿಯಲು ಅಪ್ಪಣೆಯಲ್ಲ. ‘ಆಪರೇಶನ್ ಇಲ್ಲದೆ ಮೂಲವ್ಯಾಧಿ ಗುಣ’ ಎಂಬ ಬೋರ್ಡಿನ ಒಳಗೆ ನಡೆಯುವುದು ಬಹಳ ಸಲ ಆಪರೇಶನ್ನೇ. ಬ್ಲೇಡಿನ ಬದಲು ಸುಡುವ ದ್ರಾವಣ ಅಥವಾ ಸೂಜಿ ಇರುತ್ತದೆ, ಅಷ್ಟೆ. ಮಲದ್ವಾರದಿಂದ ರಕ್ತ ಹೋಗುವುದು ಎಲ್ಲ ಸಲ ಮೂಲವ್ಯಾಧಿಯಲ್ಲ, ಕೆಲವು ಸಲ ಕರುಳಿನ ಕ್ಯಾನ್ಸರ್ ಎಂಬುದನ್ನು ಆ ಬೋರ್ಡು ಹೇಳುವುದಿಲ್ಲ. ಸುಟ್ಟುಸುಟ್ಟು ಆರು ತಿಂಗಳು ಕಳೆದಮೇಲೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋದರೆ ಆ ಆರು ತಿಂಗಳು ಮರಳಿ ಬರುವುದಿಲ್ಲ.

ಜಾಹೀರಾತಿಗೆ ಕಾನೂನಿಲ್ಲವೆಂದಲ್ಲ. 1954ರಷ್ಟು ಹಿಂದೆಯೇ ಮಾಂತ್ರಿಕ ಔಷಧಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ಬಂತು. ತೊನ್ನು, ಬೊಜ್ಜು, ಬುಡ್ಡ ವಾಸಿ ಮಾಡುತ್ತೇವೆ, ಎತ್ತರ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಮಾಡುವುದನ್ನು ಅದು ತಡೆಯುತ್ತದೆ. ಎಪ್ಪತ್ತು ವರ್ಷ ಕಳೆದರೂ ನಮ್ಮ ಬಸ್ ನಿಲ್ದಾಣದ ಗೋಡೆಗಳಿಗೆ ಆ ಸುದ್ದಿ ಮುಟ್ಟಿಲ್ಲ.

1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತನ್ನು ಸ್ಪಷ್ಟಪಡಿಸಿತು. ಒಂದು ಪದ್ಧತಿಯಲ್ಲಿ ಕಲಿತವನು ತನಗೆ ತಿಳಿಯದ ಇನ್ನೊಂದು ಪದ್ಧತಿಯ ಚಿಕಿತ್ಸೆ ಮಾಡಿದರೆ, ಆ ಮಟ್ಟಿಗೆ ಅವನು ನಕಲಿ ವೈದ್ಯನೇ. ಅಲ್ಲಿ ಚಿಕಿತ್ಸೆ ಮಾಡಿದವನು ಹೋಮಿಯೋಪಥಿ ಓದಿದವನು, ಕೊಟ್ಟದ್ದು ಅಲೋಪಥಿ ಔಷಧ. ಇದನ್ನು ಆಯುರ್ವೇದದವರನ್ನು ಹಳಿಯಲು ಹೇಳುತ್ತಿಲ್ಲ. ಶಲ್ಯತಂತ್ರದಲ್ಲಿ ಸ್ನಾತಕೋತ್ತರ ಓದಿದವರಿಗೆ ಯಾವ ಯಾವ ಶಸ್ತ್ರಕ್ರಿಯೆ ಮಾಡಲು ಅನುಮತಿ ಇದೆ ಎಂದು 2020ರಲ್ಲಿ ಕೇಂದ್ರದ ಪರಿಷತ್ತು ಪಟ್ಟಿಯನ್ನೇ ಹೊರಡಿಸಿದೆ. ಭಗಂದರಕ್ಕೆ ಕ್ಷಾರಸೂತ್ರ ಕಟ್ಟುವುದನ್ನು ಕಲಿತು ಮಾಡುವವರು ನಮ್ಮಲ್ಲಿದ್ದಾರೆ, ಗುಣ ಮಾಡಿದ್ದಾರೆ. ಯಾವ ಪದ್ಧತಿ ಎಂಬುದಕ್ಕಿಂತ ಕೈ ಆ ಕೆಲಸವನ್ನು ಕಲಿತಿದೆಯೇ ಎಂಬುದು ಮುಖ್ಯ. ಬೋರ್ಡು ಅದನ್ನು ಹೇಳಬೇಕು. 2024ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಅಲೋಪಥಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡು ಇರಬೇಕು, ನೋಂದಣಿ ಸಂಖ್ಯೆ ಅದರ ಮೇಲಿರಬೇಕು ಎಂದು ಆಜ್ಞೆ ಮಾಡಿತು. ಒಳ್ಳೆಯ ಆಜ್ಞೆ. ಓದು ಬಾರದವಳೂ ಬಣ್ಣವನ್ನು ಗುರುತಿಸುತ್ತಾಳೆ. ಆದರೆ ಬಣ್ಣ ಪದ್ಧತಿಯನ್ನು ತಿಳಿಸುತ್ತದೆಯೇ ಹೊರತು ಒಳಗೆ ಏನು ಮಾಡಲು ಪರವಾನಗಿ ಇದೆ ಎಂಬುದನ್ನು ತಿಳಿಸುವುದಿಲ್ಲ.

ಸಣ್ಣ ಆಪರೇಶನ್ನಿನಲ್ಲಿ ಸಣ್ಣದಾಗಿರುವುದು ಗಾಯ ಮಾತ್ರ. ಉಳಿದದ್ದೆಲ್ಲ ದೊಡ್ಡ ಆಪರೇಶನ್ನಿನಷ್ಟೇ ದೊಡ್ಡದು. ಕಿವಿ ಹೊಲಿಯುವ ಮೊದಲು ಜೋಮು ಹಿಡಿಸಲು ಲಿಗ್ನೋಕೇನ್ ಸೂಜಿ ಕೊಡುತ್ತಾರೆ. ಅದಕ್ಕೆ ತೂಕದ ಲೆಕ್ಕವಿದೆ. ಸಾಮಾನ್ಯವಾಗಿ ಕಿಲೋ ತೂಕಕ್ಕೆ ನಾಲ್ಕೂವರೆ ಮಿಲಿಗ್ರಾಂ ದಾಟಬಾರದು, ಅಡ್ರಿನಲಿನ್ ಕೂಡಿಸಿದ್ದಾದರೆ ಏಳರವರೆಗೆ. ಮಿತಿ ಮೀರಿದರೆ, ಇಲ್ಲವೆ ರಕ್ತನಾಳದೊಳಗೆ ಹೋದರೆ ಬಾಯಿಯ ಸುತ್ತ ಜುಮುಜುಮು ಎಂದು ಶುರುವಾಗಿ, ಸೆಳವು ಬಂದು, ಹೃದಯ ನಿಲ್ಲುವವರೆಗೂ ಹೋಗಬಹುದು. ಕೆಲವರಿಗೆ ಒಂದು ಸೂಜಿಯ ಔಷಧವೇ ಒಗ್ಗದೆ ಉಸಿರು ಕಟ್ಟಬಹುದು. ಆಗ ಕೈಗೆಟಕುವಲ್ಲಿ ಅಡ್ರಿನಲಿನ್ ಇರಬೇಕು, ಆಮ್ಲಜನಕವಿರಬೇಕು, ಉಸಿರು ಊದುವ ಚೀಲವಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಬಳಸಲು ಬರುವವರಿರಬೇಕು. ಇನ್ನು ಶುದ್ಧಿ. ಪಾತ್ರೆಯಲ್ಲಿ ನೀರು ಕುದಿಸಿ ಚಿಮಟ, ಕತ್ತರಿ ಅದ್ದಿದರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಧನುರ್ವಾಯುವಿನ ಬೀಜಕಣಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಅದಕ್ಕೆ ಒತ್ತಡದ ಆವಿಯಲ್ಲಿ 121 ಡಿಗ್ರಿಯ ಕಾವು ಹದಿನೈದು ಇಪ್ಪತ್ತು ನಿಮಿಷ ಬೇಕು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಹೋದರೆ ಕಾಮಾಲೆ, ಎಚ್.ಐ.ವಿ. ಜೊತೆಗೆ ಹೋಗುತ್ತವೆ. ತೆಗೆದ ಮಚ್ಚೆಯನ್ನು ಕಸದ ಬುಟ್ಟಿಗೆ ಹಾಕದೆ ಸಂಶಯವಿದ್ದಾಗ ಪರೀಕ್ಷೆಗೆ ಕಳಿಸಬೇಕು, ಯಾಕೆಂದರೆ ಎಲ್ಲ ಮಚ್ಚೆಯೂ ಬರಿ ಮಚ್ಚೆಯಲ್ಲ.

ನಮ್ಮ ಬಳಗದ ದೊಡ್ಡವ್ವ ಒಬ್ಬಳು ಮೊಮ್ಮಗಳ ಲಗ್ನಕ್ಕೆಂದು ಹರಿದ ಕಿವಿ ಹೊಲಿಸಿಕೊಂಡಳು. ಈ ನಾಲ್ಕು ಊರುಗಳಲ್ಲಿ ಒಂದರ ಕ್ಲಿನಿಕ್ಕು. ‘ಏನೂ ಮಹಾ ಅಲ್ಲ ಬಿಡ್ರಿ ಅವ್ವಾರ, ಎರಡ ಹೊಲಿಗಿ. ಚಾ ಕುಡಿಯೂದ್ರಾಗ ಮುಗೀತೈತಿ’ ಎಂದನಂತೆ ಅಲ್ಲಿದ್ದವನು. ಮುಗಿದದ್ದು ಹೌದು. ನಾಲ್ಕನೆಯ ದಿನಕ್ಕೆ ಕಿವಿ ಬಾತು, ಕೀವು ಸೋರಿ, ಜ್ವರ ಬಂತು. ಲಗ್ನದ ಮನೆಯಲ್ಲಿ ಆಕೆ ಸೆರಗು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಕೊನೆಗೆ ಧಾರವಾಡದಲ್ಲಿ ಅರ್ಧ ಹಾಲೆಯನ್ನೇ ತೆಗೆಯಬೇಕಾಯಿತು. ಗಾಯ ಮಾಯ್ದಮೇಲೆ ಆ ಜಾಗದಲ್ಲಿ ಗಂಟು ಬೆಳೆಯಿತು. ನಮ್ಮ ಜನರ ಚರ್ಮದಲ್ಲಿ, ಅದರಲ್ಲೂ ಕಿವಿಯ ಹಾಲೆಯಲ್ಲಿ, ಇಂಥ ಗಂಟು ಏಳುವುದು ಹೊಸತೇನಲ್ಲ, ಕಲಿತವರು ಮೊದಲೇ ಹೇಳಿ ಎಚ್ಚರಿಸುತ್ತಾರೆ. ದೂರು ಕೊಡೋಣ ದೊಡ್ಡವ್ವಾ ಎಂದರೆ ಆಕೆ ನಕ್ಕಳು. ‘ಯಾರ ಮ್ಯಾಲೆ ಕೊಡತೀಯಪಾ? ಅವ ಒಂದ ಚೀಟಿನೂ ಕೊಟ್ಟಿಲ್ಲ. ನಾ ಹೋಗಿದ್ದೆ ಅನ್ನೂದಕ್ಕ ಈ ಕಿವಿ ಒಂದ ಸಾಕ್ಷಿ, ಅದನ್ನೂ ಅರ್ಧ ಕೊಯ್ದಾರ.’

ಆಕೆಯ ಮಾತಿನಲ್ಲಿ ಇಡೀ ವಿಷಯದ ತಿರುಳಿದೆ. 1995ರಲ್ಲಿ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ತೀರ್ಪಿತ್ತಿತು. ಈಗಿನ ನಿಯಮದಂತೆ ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಬಾಗಿಲು ತೆರೆದೇ ಇದೆ. ಆದರೆ ಒಳಗೆ ಹೋಗಲು ಒಂದು ಚೀಟಿ ಬೇಕು. ಹೆಚ್ಚು ಕೆಟ್ಟ ಕ್ಲಿನಿಕ್ಕು ಕಡಿಮೆ ಕಾಗದ ಇಡುತ್ತದೆ, ಕಡಿಮೆ ಕಾಗದ ಇಟ್ಟಷ್ಟೂ ಸುರಕ್ಷಿತವಾಗಿರುತ್ತದೆ. ಚೀಟಿ, ಬಿಲ್ಲು, ದಾಖಲೆ ಎಲ್ಲ ಸರಿಯಾಗಿ ಕೊಡುವ ಪ್ರಾಮಾಣಿಕ ಡಾಕ್ಟರನೇ ಕೋರ್ಟಿನ ಕಟ್ಟೆ ಹತ್ತುತ್ತಾನೆ. ಕಾನೂನು ಒಳ್ಳೆಯವನಿಗೆ ಹೆಚ್ಚು ಸಿಗುತ್ತದೆ ಎಂಬ ಡಾಕ್ಟರರ ಅಳಲಿನಲ್ಲಿ ಅರ್ಥವಿದೆ.

ಕಾಗದ ಇರುವ ಕಡೆ ಎರಡನೆಯ ಬರವಣಿಗೆ ಕಾಣಿಸುತ್ತದೆ, ಅದೇ ಒಪ್ಪಿಗೆ ಪತ್ರ. ನಾನು ನೋಡಿದವು ಬಹುತೇಕ ಇಂಗ್ಲಿಷಿನಲ್ಲಿದ್ದವು. ಅಚ್ಚಾದದ್ದು ಸಣ್ಣಕ್ಷರ, ತುಂಬಬೇಕಾದ ಜಾಗ ಖಾಲಿ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಏನು ಮಾಡುತ್ತೇವೆ ಎಂಬಲ್ಲಿ ಖಾಲಿ, ಏನಾದರೂ ಆದರೆ ನಾವು ಹೊಣೆಯಲ್ಲ ಎಂಬಲ್ಲಿ ಭರ್ತಿ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಎಂದರೇನು ಎಂಬುದನ್ನು ಬಿಡಿಸಿ ಹೇಳಿತು. ದುರ್ಬೀನು ಹಾಕಿ ನೋಡಲೆಂದು ಸಹಿ ಮಾಡಿದ ಹೆಂಗಸಿಗೆ ಜ್ಞಾನ ತಪ್ಪಿಸಿದಾಗ, ಹೊರಗೆ ಕೂತ ತಾಯಿಯನ್ನು ಕೇಳಿ ಗರ್ಭಕೋಶವನ್ನೇ ತೆಗೆದಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗುವುದಿಲ್ಲ, ಪ್ರಾಪ್ತ ವಯಸ್ಸಿನ ರೋಗಿಯ ಬದಲಾಗಿ ಇನ್ನೊಬ್ಬರು ಒಪ್ಪುವಂತಿಲ್ಲ, ಮಾಡುವುದೇನು, ಅದರ ಅಪಾಯವೇನು, ಬೇರೆ ದಾರಿಯೇನು ಎಂಬುದನ್ನು ರೋಗಿಗೆ ತಿಳಿಯುವಂತೆ ಹೇಳಬೇಕು ಎಂದಿತು ಕೋರ್ಟು. ತಿಳಿಯುವಂತೆ ಎಂದರೆ ಬೈಲಹೊಂಗಲದಲ್ಲಿ ಕನ್ನಡದಲ್ಲಿ ಎಂದೇ ಅರ್ಥ. ರಾಮದುರ್ಗದ ನೇಕಾರನ ಹೆಂಡತಿಯಿಂದ ಇಂಗ್ಲಿಷ್ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲಾಗದು. ಅದರಲ್ಲಿರುವುದು ಒಂದು ಬೆರಳಿನ ಗುರುತು ಮಾತ್ರ. ಕಾಯಿಲೆಗೆ ಮಾಡುವ ಆಪರೇಶನ್ನಿನಲ್ಲಿ ‘ಮಾಡದಿದ್ದರೆ ಜೀವ ಹೋಗುತ್ತಿತ್ತು’ ಎಂಬ ಸಮಾಧಾನವಾದರೂ ಇರುತ್ತದೆ. ಚೆಂದಕ್ಕೆ ಮಾಡುವುದರಲ್ಲಿ ಅದೂ ಇಲ್ಲ. ಆದ್ದರಿಂದ ಅಲ್ಲಿ ಒಪ್ಪಿಗೆಯ ಮಾತು ಇನ್ನಷ್ಟು ಬಿಚ್ಚು, ಇನ್ನಷ್ಟು ನಿಧಾನವಾಗಿರಬೇಕು.

ಮೂರನೆಯ ಬರವಣಿಗೆ ಕಾಯ್ದೆ. ನಮ್ಮ ರಾಜ್ಯದಲ್ಲಿ 1976ರಲ್ಲಿ ಖಾಸಗಿ ನರ್ಸಿಂಗ್ ಹೋಮುಗಳ ಕಾಯ್ದೆ ಬಂತು. ಅದನ್ನು ತೆಗೆದು 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತಂದರು, 2009ರಲ್ಲಿ ನಿಯಮಗಳಾದವು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿ ಕೊಡುತ್ತದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಕಾರ್ಯದರ್ಶಿ. ನೋಂದಣಿಯಿಲ್ಲದೆ ನಡೆಸಿದರೆ ಜೈಲು, ದಂಡ ಎರಡೂ ಇವೆ. 2007ರ ಆ ಕಾಯ್ದೆಯ ವ್ಯಾಖ್ಯೆಯನ್ನು ಓದಿದರೆ ಬಲೆ ದೊಡ್ಡದಾಗಿಯೇ ಕಾಣುತ್ತದೆ. ಆಸ್ಪತ್ರೆ, ನರ್ಸಿಂಗ್ ಹೋಂ, ಪ್ರಯೋಗಾಲಯ, ಕ್ಲಿನಿಕ್ಕು, ‘ಯಾವುದೇ ಹೆಸರಿನಿಂದ ಕರೆಯಲಾಗುವ’ ಇತರ ಸಂಸ್ಥೆ ಎಲ್ಲವೂ ಅದರಲ್ಲಿ ಬಿದ್ದಿವೆ. ಆದರೆ ಆ ಸಂಸ್ಥೆಯಲ್ಲಿ ನಡೆಯಬೇಕಾದದ್ದು ಏನು? ರೋಗ ತಡೆಯುವ, ಗುಣಪಡಿಸುವ ಅಥವಾ ಪುನಶ್ಚೇತನಗೊಳಿಸುವ ಚಿಕಿತ್ಸೆ. ಚೆಂದಗೊಳಿಸುವ ಎಂಬ ಮಾತು ಅಲ್ಲಿಲ್ಲ. ‘ಆರೋಗ್ಯದ ಸ್ಥಿತಿಯನ್ನು ಉತ್ತಮಪಡಿಸುವ’ ಎಂಬ ಮಾತಿದೆ, ಅದನ್ನು ಹಿಗ್ಗಿಸಿ ಒಳಗೆ ತರಬಹುದು. ಹಾಗೆ ತರಬೇಕೆಂದೇ ನನ್ನ ಅಭಿಪ್ರಾಯ. ಆದರೂ ‘ನಮ್ಮದು ದವಾಖಾನೆಯಲ್ಲ, ಬ್ಯೂಟಿ ಪಾರ್ಲರು. ಲೇಸರ್ ಮಿಶನ್ ಒಂದು ಇಟ್ಟೇವಿ, ಅಷ್ಟ’ ಎನ್ನುವವನಿಗೆ ಆ ಶಬ್ದದ ಅಭಾವವೇ ಹಿಂಬಾಗಿಲಾಗುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ನಮ್ಮ ಆಡಳಿತದ ಕಣ್ಣು ದವಾಖಾನೆಯನ್ನು ಹಾಸಿಗೆಯಿಂದ ಅಳೆಯುತ್ತದೆ. ಹಾಸಿಗೆ ಇದ್ದರೆ ಆಸ್ಪತ್ರೆ, ಇಲ್ಲದಿದ್ದರೆ ಕ್ಲಿನಿಕ್ಕು. ಹಾಸಿಗೆ ಹೆಚ್ಚಿದ್ದಷ್ಟೂ ಕಟ್ಟಳೆ ಹೆಚ್ಚು. ಸೌಂದರ್ಯದ ಆಪರೇಶನ್ನಿಗೆ ಹಾಸಿಗೆ ಬೇಕಿಲ್ಲ, ಮುಂಜಾನೆ ಬಂದು ಸಂಜೆ ಹೋಗಬಹುದು. ಅಪಾಯ ಬರುವುದು ಹಾಸಿಗೆಯಿಂದಲ್ಲ, ಅಲ್ಲಿ ಮಾಡುವ ಕೆಲಸದಿಂದ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಇಪ್ಪತ್ತೊಂದು ವರ್ಷದ ಕಿರುತೆರೆ ನಟಿಯೊಬ್ಬಳು ಅದೇ ದಿನ ತೀರಿಕೊಂಡಳು. ಆ ಕ್ಲಿನಿಕ್ಕಿಗೆ ಇದ್ದ ನೋಂದಣಿ ಪಾಲಿಕ್ಲಿನಿಕ್ಕಿನದು, ಇಂಥ ಆಪರೇಶನ್ನಿನದಲ್ಲ ಎಂದು ಆಗ ವರದಿಗಳು ಬಂದವು. ರಾಜಧಾನಿಯಲ್ಲಿ, ದೊಡ್ಡ ಆಸ್ಪತ್ರೆಗಳ ಮಗ್ಗುಲಲ್ಲೇ ಹೀಗಾಯಿತು. ಅದೇ ಸಪ್ಟೆಂಬರದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸೌಂದರ್ಯ ಚಿಕಿತ್ಸೆಗೂ ಕೂದಲು ನೆಡುವುದಕ್ಕೂ ಮಾರ್ಗದರ್ಶಿ ಹೊರಡಿಸಿತು. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲ ಎಂದು ಅದರಲ್ಲಿ ಬರೆಯಬೇಕಾಯಿತು. ಇದನ್ನೂ ಬರೆದು ಹೇಳಬೇಕಾದ ಸ್ಥಿತಿ ಬಂದದ್ದೇ ಆ ಕಾಗದದ ನಿಜವಾದ ಸುದ್ದಿ. ಅದಾದ ಮೇಲೂ 2025ರಲ್ಲಿ ಕಾನ್ಪುರದಲ್ಲಿ ಕೂದಲು ನೆಡಿಸಿಕೊಂಡ ಇಬ್ಬರು ಎಂಜಿನಿಯರರ ಸಾವಿನ ಸುದ್ದಿ ಓದಿದೆವು. ಚಿಕಿತ್ಸೆ ಮಾಡಿದ್ದು ಹಲ್ಲಿನ ಡಾಕ್ಟರು ಎಂಬ ಆರೋಪವಿತ್ತು.

ಈ ಕಾಯ್ದೆಯ ತಿದ್ದುಪಡಿಯ ಗದ್ದಲ ನಮ್ಮ ಅಂಗಳದಲ್ಲೇ ನಡೆದದ್ದು. 2017ರ ನವೆಂಬರದಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ. ರಮೇಶ್‌ಕುಮಾರ್ ಆರೋಗ್ಯ ಮಂತ್ರಿ. ಡಾಕ್ಟರರು ದವಾಖಾನೆ ಮುಚ್ಚಿ ಬೆಳಗಾವಿಗೆ ಬಂದರು, ರೋಗಿಗಳು ಪರದಾಡಿದರು. ಕೊನೆಗೆ ಮಸೂದೆ ಸಡಿಲಗೊಂಡು ಪಾಸಾಯಿತು. ಬಾಕಿ ಹಣಕ್ಕಾಗಿ ಹೆಣ ಹಿಡಿದಿಡಬಾರದು, ರೋಗಿಗಳ ಹಕ್ಕುಗಳ ಸನ್ನದು ಇರಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು ಎಂಬ ಒಳ್ಳೆಯ ಅಂಶಗಳು ಉಳಿದವು. ಆದರೆ ಆ ಇಡೀ ಜಗಳವನ್ನು ಈಗ ನೆನೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಾತೆಲ್ಲ ದರದ ಮೇಲೆ, ಜೈಲಿನ ಮೇಲೆ. ಎಷ್ಟು ತೆಗೆದುಕೊಳ್ಳಬೇಕು ಎಂದು ಸರಕಾರ, ಯಾಕೆ ಜೈಲಿಗೆ ಹಾಕುತ್ತೀರಿ ಎಂದು ಡಾಕ್ಟರರು. ಚಿಮಟ ಎಷ್ಟು ಕಾವಿನಲ್ಲಿ ಶುದ್ಧವಾಗಬೇಕು, ಆಮ್ಲಜನಕವಿಲ್ಲದ ಕೋಣೆಯಲ್ಲಿ ಸೂಜಿ ಕೊಡಬಹುದೇ ಎಂಬುದರ ಮೇಲೆ ಬೀದಿಗಿಳಿದವರು ಯಾವ ಕಡೆಯೂ ಇರಲಿಲ್ಲ. ದುಬಾರಿ ಬಿಲ್ಲು ಕಣ್ಣಿಗೆ ಕಾಣುತ್ತದೆ, ಕೊಳಕು ಚಿಮಟ ಕಾಣುವುದಿಲ್ಲ.

ಕಾಯ್ದೆ ಇದ್ದೂ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2022ರ ಜೂನಿನಲ್ಲಿ ನಮ್ಮ ಜಿಲ್ಲೆಯ ಮೂಡಲಗಿಯ ಹಳ್ಳದಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ಸಿಕ್ಕವು. 2024ರ ಜೂನಿನಲ್ಲಿ ಕೂಸು ಮಾರಿದ ಪ್ರಕರಣವೊಂದರ ತನಿಖೆ ಕಿತ್ತೂರಿನವರೆಗೆ ಬಂತು. ಡಾಕ್ಟರನೆಂದು ಹೇಳಿಕೊಂಡು ದವಾಖಾನೆ ನಡೆಸುತ್ತಿದ್ದನೆಂಬ ಆರೋಪ ಹೊತ್ತವನ ತೋಟದ ಮನೆಯ ನೆಲ ಅಗೆದು ಭ್ರೂಣಗಳನ್ನು ತೆಗೆದರೆಂದು ಪತ್ರಿಕೆಗಳಲ್ಲಿ ಬಂತು. ಇವು ಸೌಂದರ್ಯದ ಪ್ರಕರಣಗಳಲ್ಲ, ಕಿವಿ ಹೊಲಿಯುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ, ತಪ್ಪು ಯಾರದೆಂಬುದನ್ನು ಕೋರ್ಟು ಹೇಳಬೇಕು. ಆದರೆ ಎರಡಕ್ಕೂ ಬಾಗಿಲು ಒಂದೇ: ಯಾರೂ ಬಂದು ನೋಡದ ಕೋಣೆ. ಊರಿಗೆಲ್ಲ ಗೊತ್ತಿದ್ದ ದವಾಖಾನೆ ಇಲಾಖೆಗೆ ಗೊತ್ತಾಗುವುದು ಪೊಲೀಸರು ಬೇರೆ ಕಾರಣಕ್ಕೆ ಬಂದಾಗ ಎಂದರೆ, ತಪಾಸಣೆ ಎಂಬುದು ಕಾಗದದ ಮೇಲೆ ಉಳಿದಿದೆ ಎಂದೇ ತಿಳಿಯಬೇಕು.

ಜನ ಅಂಥ ಕಡೆ ಯಾಕೆ ಹೋಗುತ್ತಾರೆ? ಅವರಿಗೆ ಬುದ್ಧಿಯಿಲ್ಲವೆಂದು ಪಟ್ಟಣದವರು ಹೇಳುತ್ತಾರೆ. ರಾಮದುರ್ಗದಿಂದ ಬೆಳಗಾವಿಗೆ ಹೋಗಿ ಬರುವುದೆಂದರೆ ಒಂದು ದಿನದ ದುಡಿಮೆ ಹೋಯಿತು, ಜೊತೆಗೆ ಬರುವವನದೂ ಹೋಯಿತು. ಅಲ್ಲಿ ಸಾಲು, ಚೀಟಿ, ನಾಳೆ ಬಾ ಎನ್ನುವ ಮಾತು. ಇಲ್ಲಿನ ನಕಲಿಯವನು ಕುರ್ಚಿ ಕೊಡುತ್ತಾನೆ, ‘ಬರ್ರಿ ಯಕ್ಕಾ, ಆರಾಮ ಅದೀರಿ?’ ಎನ್ನುತ್ತಾನೆ, ಸಂಜೆಗೆ ಮನೆಗೆ ಕಳಿಸುತ್ತಾನೆ, ಉದ್ರಿ ಕೂಡ ಹೇಳುತ್ತಾನೆ. ಅವನ ಅಜ್ಞಾನಕ್ಕಿಂತ ಅವನ ಸೌಜನ್ಯದ ಬಗ್ಗೆ ನಮ್ಮ ಸರಕಾರಿ ದವಾಖಾನೆಗಳು ಯೋಚಿಸಬೇಕು. ನಾಲ್ಕೂ ಊರುಗಳಲ್ಲಿ ಸರಕಾರಿ ದವಾಖಾನೆಗಳಿವೆ. ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ವಾರಕ್ಕೊಂದು ದಿನ, ಸಂತೆಯ ದಿನವೇ ಇರಲಿ, ಕಿವಿ ಹೊಲಿಯುವುದು, ಗಡ್ಡೆ ತೆಗೆಯುವುದು, ಮೂಲವ್ಯಾಧಿ ನೋಡುವುದು ಎಂದು ಒಬ್ಬ ಸರ್ಜನ್ ಕೂತರೆ ಅರ್ಧ ಬೋರ್ಡುಗಳು ತಾವಾಗಿಯೇ ಇಳಿಯುತ್ತವೆ. ನಕಲಿಯವನನ್ನು ದಾಳಿ ಮಾಡಿ ಓಡಿಸಿ ಆ ಜಾಗವನ್ನು ಖಾಲಿ ಬಿಟ್ಟರೆ ಇನ್ನೊಬ್ಬ ಬಂದು ಕೂಡುತ್ತಾನೆ.

ಕಾಯ್ದೆಯಲ್ಲೂ ತಿದ್ದುವುದಿದೆ. ಪರವಾನಗಿ ಹಾಸಿಗೆಗಲ್ಲ, ಕೆಲಸಕ್ಕೆ ಕೊಡಬೇಕು. ಈ ಕೋಣೆಯಲ್ಲಿ ಇಂಥಿಂಥ ಆಪರೇಶನ್ ಮಾಡಬಹುದು, ಇಂಥವರೇ ಮಾಡಬೇಕು ಎಂದು ಪಟ್ಟಿ ಇರಬೇಕು, ಆ ಪಟ್ಟಿ ಕನ್ನಡದಲ್ಲಿ ಬಾಗಿಲ ಮೇಲಿರಬೇಕು. ಚೆಂದಕ್ಕಾಗಿ ಚರ್ಮ ಕೊಯ್ಯುವ, ಸುಡುವ, ಚುಚ್ಚುವ ಎಲ್ಲ ಕಡೆಯೂ, ಹೆಸರು ಪಾರ್ಲರು ಎಂದಿದ್ದರೂ, ಕಾಯ್ದೆಯೊಳಗೆ ಹೆಸರಿಟ್ಟು ಸೇರಬೇಕು. ಆಪತ್ತಿನಲ್ಲಿ ಯಾವ ಆಸ್ಪತ್ರೆಗೆ ಒಯ್ಯುತ್ತೇವೆ, ಅದು ಎಷ್ಟು ದೂರ ಎಂಬುದನ್ನು ಮೊದಲೇ ಬರೆದುಕೊಡಬೇಕು. ತಪಾಸಣೆಯವರು ಬಂದ ತಾರೀಖು, ಕಂಡ ದೋಷ ಎರಡನ್ನೂ ಹೊರಗೆ ಅಂಟಿಸಬೇಕು. ಹೋಟೆಲಿನ ದರಪಟ್ಟಿಯನ್ನು ಗೋಡೆಗೆ ಬರೆಸುವ ನಾವು ಇದನ್ನು ಬರೆಸಲಾರೆವೇ? ಕಾನೂನಿನಲ್ಲಿ ಒಂದು ತಾರತಮ್ಯ ಈಗಾಗಲೇ ಇದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ, ನೋಂದಾಯಿತ ವೈದ್ಯನಾದರೆ ಎರಡು ವರ್ಷದವರೆಗೆ. ಕಲಿತವನಿಗೆ ರಿಯಾಯತಿ ಕೊಟ್ಟದ್ದು ಅವನು ಕಲಿತಿದ್ದಾನೆಂಬ ನಂಬಿಕೆಯ ಮೇಲೆ. ಆ ರಿಯಾಯತಿ ಪಡೆಯುವ ಡಾಕ್ಟರರ ಸಂಘಗಳು, ತಮ್ಮ ಮಗ್ಗುಲ ಅಂಗಡಿಯಲ್ಲಿ ಕಲಿಯದವನು ಕತ್ತರಿ ಹಿಡಿದಾಗ ಸುಮ್ಮನಿರುವುದು ಸಲ್ಲದು.

ಅಲ್ಲಿಯವರೆಗೆ ನಮ್ಮ ಹೆಣ್ಣುಮಕ್ಕಳು ಕೇಳಬಹುದಾದ ನಾಲ್ಕು ಪ್ರಶ್ನೆಗಳಿವೆ. ನಿಮ್ಮ ನೋಂದಣಿ ನಂ‌ಬರು ಏನ್ರಿ? ಇದನ್ನ ಎಲ್ಲಿ ಕಲತೀರಿ? ನನಗ ಉಸಿರು ಕಟ್ಟಿದ್ರ ಇಲ್ಲಿ ಏನೈತಿ? ಚೀಟಿ ಕೊಡತೀರೋ ಇಲ್ಲೋ? ನಂಬರು ಕೊಟ್ಟರೆ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಮೊಮ್ಮಕ್ಕಳು ಮೊಬೈಲಿನಲ್ಲೇ ಹುಡುಕಿ ನೋಡುತ್ತಾರೆ. ಕಲಿತ ಡಾಕ್ಟರನಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವ ಕಾರಣವಿಲ್ಲ, ಎಷ್ಟೋ ಜನ ನಕ್ಕು ಉತ್ತರ ಹೇಳುತ್ತಾರೆ. ಸಿಟ್ಟು ಬಂದವನ ಮುಂದೆ ಕಿವಿಯೊಡ್ಡದೆ ಎದ್ದು ಬರಬೇಕು. ಹರಿದ ಕಿವಿ ಇನ್ನೊಂದು ವರ್ಷ ಹರಿದೇ ಇದ್ದರೆ ಯಾರ ಲಗ್ನವೂ ನಿಲ್ಲುವುದಿಲ್ಲ.